ಆಲೂಗಡ್ಡೆಗೂ ಪರವಾನಗಿ

ಸೋಮವಾರ, ಅಕ್ಟೋಬರ್ 7, 2019

ತಮ್ಮ ಲೂಡ್ಜರ್‌ಗೆ,

ನಿನ್ನ ಕಚೇರಿಯ ಹುಡುಗಿ ಮತ್ತೆ ಫೋನಿನಲ್ಲಿ, "ಶಾಸಕರು ಮೀಟಿಂಗ್‌ನಲ್ಲಿದ್ದಾರೆ ಮೇಡಂ" ಅಂದಳು. ನಾನು ಮೇಡಂ ಅಲ್ಲ, ನಿಮ್ಮ ಶಾಸಕರ ಮೂಗು ಒರೆಸಿದ ಅಕ್ಕ ಅಂದೆ. ಅದನ್ನೂ ಬರೆದುಕೊಂಡಳು. ಹಾಗಾಗಿ ಈ ಪತ್ರ. ನನ್ನ ಆರೋಗ್ಯ ಚೆನ್ನಾಗಿದೆ, ಆ ಮಾತು ಬಿಡು.

ಮಾಜಿ ಯೋಧರ ಹಗಲು ಆರೈಕೆ ಕೇಂದ್ರದ ವಿಷಯ ಬರೆಯಬೇಕು. ನಿನ್ನ ಭಾವ ನಾರ್ಮಂಡ್ ಬೆಳಿಗ್ಗೆ ಅಲ್ಲಿಗೆ ಹೋಗಿ ಸಂಜೆ ಮನೆಗೆ ಬರುತ್ತಿದ್ದುದರಿಂದಲೇ ನಮ್ಮ ಸಂಸಾರ ನಡೆಯುತ್ತಿತ್ತು. ಮಕ್ಕಳ ಹೆಸರು ಅವರಿಗೆ ಮರೆತುಹೋಗಿದೆ. ನನ್ನ ಹೆಸರು ಒಂದು ದಿನ ಇದ್ದರೆ ಒಂದು ದಿನ ಇಲ್ಲ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಸೇನೆಯ ಅಡುಗೆಮನೆಯಲ್ಲಿ ಆಲೂಗಡ್ಡೆ ಸಿಪ್ಪೆ ತೆಗೆದದ್ದನ್ನು ಮಾತ್ರ ಕೈ ಮರೆತಿಲ್ಲ. ಕೈಗೆ ಆಲೂಗಡ್ಡೆ ಸಿಕ್ಕರೆ ಶಾಂತ, ಸಿಗದಿದ್ದರೆ ಕಂಡ ಬಾಗಿಲನ್ನೆಲ್ಲ ತೆಗೆದು ಹೊರಗೆ ಹೊರಟುಬಿಡುತ್ತಾರೆ. ನರ್ಸ್ ವರ್ನಾ ಇದನ್ನು ಕಂಡುಕೊಂಡು ದಿನಾ ಒಂದು ಬುಟ್ಟಿ ಮುಂದಿಡುತ್ತಿದ್ದಳು. ಮಧ್ಯಾಹ್ನ ಎಲ್ಲರಿಗೂ ಅದರದೇ ಸೂಪು.

ಆಗಸ್ಟಿನಲ್ಲಿ ರಾಜ್ಯದ ಇನ್‌ಸ್ಪೆಕ್ಟರ್ ಬಂದ. ಕೇಂದ್ರದಲ್ಲಿ ನರ್ಸು ಮಾತ್ರೆ ಕೊಡುವುದರಿಂದ ಅದು ಮುದುಕರನ್ನು ಹಗಲುರಾತ್ರಿ ಇಟ್ಟುಕೊಳ್ಳುವ ನರ್ಸಿಂಗ್ ಹೋಮಿಗೆ ಸಮವಂತೆ. ನರ್ಸಿಂಗ್ ಹೋಮಿನಲ್ಲಿ ರೋಗಿಗಳು ಅಡುಗೆಗೆ ಕೈ ಹಾಕಬಾರದಂತೆ.

"ಅಜ್ಜಾ, ಆ ಚಾಕು ಇಲ್ಲಿ ಕೊಡಿ" ಅಂದ.

"ಸಾರ್ಜೆಂಟ್ ಹೇಳ್ಲಿ, ಕೊಡ್ತೀನಿ. ನೀನ್ಯಾರಯ್ಯ?" ಅಂದರು ನಿನ್ನ ಭಾವ.

ಅದೇ ಯುದ್ಧದಲ್ಲಿ ಕಾಲು ಕಳೆದುಕೊಂಡ ಆಲ್ಸೀಡ್ ಪಕ್ಕದಲ್ಲೇ ಕೂತಿದ್ದ. "ಅಲ್ಲ ಸ್ವಾಮಿ, ಹತ್ತೊಂಬತ್ತು ವರ್ಷದ ಹುಡುಗನ ಕೈಗೆ ಬಂದೂಕು ಕೊಡೋವಾಗ ಯಾರೂ ಲೈಸೆನ್ಸ್ ಕೇಳ್ಲಿಲ್ಲ. ಈಗ ಆಲೂಗಡ್ಡೆಗೆ ಕೇಳ್ತೀರಲ್ಲಾ!" ಅಂದ. ಇನ್‌ಸ್ಪೆಕ್ಟರ್ ನಗಲಿಲ್ಲ. ಕೇಂದ್ರದ ಪರವಾನಗಿ ಅಮಾನತಾಯಿತು.

ಕೇಂದ್ರ ಸರ್ಕಾರ ಒಬ್ಬೊಬ್ಬ ಯೋಧನಿಗೂ ದಿನದ ಲೆಕ್ಕದಲ್ಲಿ ಹಣ ಕೊಡುತ್ತದೆ, ಆದರೆ ಪರವಾನಗಿ ಇರುವ ಕಡೆಗೆ ಮಾತ್ರ. ಆ ಸರ್ಕಾರದವರಿಗೆ ಫೋನ್ ಮಾಡಿದರೆ, "ಲೈಸೆನ್ಸ್ ತೋರ್ಸಿ, ಹಣ ಕಳಿಸ್ತೀವಿ." ರಾಜ್ಯದವರಿಗೆ ಮಾಡಿದರೆ, "ಅಡುಗೆಮನೆಗೆ ಅಡ್ಡಗೋಡೆ ಕಟ್ಟಿ, ಲೈಸೆನ್ಸ್ ಕೊಡ್ತೀವಿ." ಗೋಡೆ ಯಾವ ಹಣದಲ್ಲಿ ಕಟ್ಟಲಿ ಎಂದರೆ, "ಅದು ನಮ್ಮ ವಿಭಾಗ ಅಲ್ಲಮ್ಮಾ." ದೂರದ ನಗರದ ನರ್ಸಿಂಗ್ ಹೋಮಿಗೆ ಮಾತ್ರ ಯಾವ ತಕರಾರೂ ಇಲ್ಲ. ಹಾಸಿಗೆ ಸಿದ್ಧ, ಹಲವು ಪಟ್ಟು ಹಣವೂ ಸಿದ್ಧ. ಮನೆಯಲ್ಲಿ ಮಲಗುವ ಮನುಷ್ಯನನ್ನು ಅಲ್ಲಿಗೆ ಸಾಗಿಸಿ ಬೀಗ ಹಾಕಲು ಸರ್ಕಾರಕ್ಕೆ ಎಷ್ಟು ಔದಾರ್ಯ ನೋಡು!

ಹಗಲು ಕೇಂದ್ರ ಬೇರೆ, ನರ್ಸಿಂಗ್ ಹೋಮ್ ಬೇರೆ ಎಂದು ಹೇಳುವ ಒಂದು ಸಾಲಿನ ತಿದ್ದುಪಡಿ ನಿನ್ನ ಸಮಿತಿಯಲ್ಲೇ ಧೂಳು ತಿನ್ನುತ್ತಿದೆ. ಇನ್‌ಸ್ಪೆಕ್ಟರ್ ಬರುವ ಮೊದಲೇ, ನೀನು ಈಸ್ಟರ್ ಊಟಕ್ಕೆ ಬಂದಾಗ, ನಾನು ಅದನ್ನು ಕೇಳಿದ್ದೆ. "ಮುಂದಿನ ಅಧಿವೇಶನದಲ್ಲಿ ನೋಡೋಣ ಅಕ್ಕಾ" ಎಂದು ನೀನು ತಟ್ಟೆಗೆ ಇನ್ನೊಂದು ತುಂಡು ಹ್ಯಾಮ್ ಹಾಕಿಕೊಂಡೆ. ಆ ಕೇಂದ್ರದ ರಿಬ್ಬನ್ ಕತ್ತರಿಸಿದವನೇ ನೀನು. "ನಮ್ಮ ಯೋಧರು ರಾತ್ರಿ ತಮ್ಮ ಮನೆಯಲ್ಲೇ ಮಲಗಬೇಕು" ಎಂದು ಅಂದು ಭಾಷಣ ಮಾಡಿದ್ದೆ. ಕತ್ತರಿಯನ್ನು ನಿನ್ನ ಕೈಯಿಂದ ಯಾವ ಇನ್‌ಸ್ಪೆಕ್ಟರೂ ಕಿತ್ತುಕೊಳ್ಳಲಿಲ್ಲ.

ಕೊಯ್ಲಿಗೆಂದು ಶಾಲೆಗೆ ರಜೆ ಕೊಟ್ಟು ನಮ್ಮನ್ನು ಆಲೂಗಡ್ಡೆ ಹೊಲಕ್ಕೆ ಅಟ್ಟುತ್ತಿದ್ದರಲ್ಲ, ನೆನಪಿದೆಯೇ? ನೀನು ಗಾಡಿಯ ನೆರಳಿನಲ್ಲಿ ನಿದ್ದೆ ಹೊಡೆಯುತ್ತಿದ್ದೆ. ನಿನ್ನ ಬುಟ್ಟಿಯನ್ನೂ ನಾನೇ ತುಂಬುತ್ತಿದ್ದೆ. ಈಗ ನಿನ್ನ ಸರದಿ.

ಎಷ್ಟೇ ಸಿಟ್ಟು ಬಂದರೂ ನಿನ್ನ ಅಕ್ಕನೇ ಆಗಿರುವ,
ಒಡೆಟ್

ಮರೆತಿದ್ದೆ: ಲಕೋಟೆಯ ಮೇಲೆ ಅಂಚೆಚೀಟಿ ಇಲ್ಲದ್ದನ್ನು ನೋಡಿರುತ್ತೀಯ. ಶುಕ್ರವಾರ ಕೇಂದ್ರಕ್ಕೆ ಬೀಗ ಬಿತ್ತು. ನೀನು ಇದನ್ನು ಓದುವ ಹೊತ್ತಿಗೆ ನಿನ್ನ ಭಾವ ನಿನ್ನ ಅಡುಗೆಮನೆಯ ಮೇಜಿನ ಮುಂದೆ ಕೂತಿರುತ್ತಾರೆ. ಪತ್ರವನ್ನೂ ಅವರನ್ನೂ ನಿನ್ನ ಹೆಂಡತಿಯ ಕೈಗೆ ಒಪ್ಪಿಸಿ ಹೊರಡುತ್ತೇನೆ. ಆಲೂಗಡ್ಡೆ ಚೀಲವೂ ಚಾಕುವೂ ಜೊತೆಗಿವೆ. ಹೊರಬಾಗಿಲಿಗೆ ಚಿಲಕ ಹಾಕು. ನೀನು ಯಾರೆಂದು ಕೇಳಿದರೆ ಸಾರ್ಜೆಂಟ್ ಎನ್ನು, ಹೇಳಿದ ಮಾತು ಕೇಳುತ್ತಾರೆ. ಇವತ್ತು ನನಗೆ ಹೃದಯದ ಆಪರೇಷನ್. ಡಾಕ್ಟರು ಮನೆಗೆ ಬಿಟ್ಟ ಕೂಡಲೇ ಬಂದು ಅವರನ್ನು ಕರೆದುಕೊಂಡು ಹೋಗುತ್ತೇನೆ. ನಿನ್ನ ಮನೆಗೂ ಪರವಾನಗಿ ಇಲ್ಲ, ಗೊತ್ತು. ಯಾರಾದರೂ ಕೇಳಿದರೆ, ಮುಂದಿನ ಅಧಿವೇಶನದಲ್ಲಿ ನೋಡೋಣ ಎನ್ನು.