ಶ್ರೀ ಮತ್ತಿತರರ ಪ್ರತಿಮೆ ಕುರಿತು ಒಂದು ತಕರಾರು

ರಂಗಭೂಮಿಯ ಇತಿಹಾಸವನ್ನು ಕಂಪ್ಯೂಟರಿಗೆ ಏರಿಸುವ ಮಹಾಯೋಜನೆಯ ಮಾನ್ಯ ನಿರ್ದೇಶಕರೇ,

ಬರುವ ಭಾನುವಾರ ನಾಟಕಶಾಲೆಯ ಬಾಗಿಲಲ್ಲಿ ತಾವು ಯಾರ ಪ್ರತಿಮೆಯ ಮೇಲಿನ ಬಟ್ಟೆ ಸರಿಸಲಿದ್ದೀರೋ ಆ ಮಹನೀಯರು ಹುಟ್ಟಿಯೇ ಇಲ್ಲ. ಇದನ್ನು ತಮ್ಮ ಕೊಠಡಿಗೆ ಬಂದು ಹೇಳಿದೆ, ಇಮೇಲಿನಲ್ಲಿ ಹೇಳಿದೆ, ಮೆಟ್ಟಿಲ ಮೇಲೆ ಅಡ್ಡ ನಿಂತೂ ಹೇಳಿದೆ. ಪ್ರತಿ ಸಲವೂ ತಾವು "ಆಮೇಲೆ ನೋಡೋಣಮ್ಮ" ಎಂದಿರಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರ ಕತೆ ಕೇಳಿದ್ದೇವೆ. ಕೂಸೇ ಇಲ್ಲದೆ ಕಂಚಿನ ತಲೆ ಎರಕ ಹೊಯ್ಯಿಸಿದವರಲ್ಲಿ ತಾವೇ ಮೊದಲಿಗರು. ಆದ್ದರಿಂದ ಊರೆಲ್ಲ ಓದಲಿ ಎಂದೇ ಈ ಪತ್ರ.

ನಾನು ಯಾರೆಂದು ತಮಗೆ ನೆನಪಿರಲಿಕ್ಕಿಲ್ಲ. ತಮ್ಮ ಕಚೇರಿಯ ನೆಲಮಾಳಿಗೆಯಲ್ಲಿ, ಹಳೆಯ ನಾಟಕಗಳ ಕರಪತ್ರಗಳನ್ನು ನೋಡಿ ನೋಡಿ ಕಂಪ್ಯೂಟರಿಗೆ ತುಂಬುವ ವಿದ್ಯಾರ್ಥಿ ಸಹಾಯಕಿ. ಅಲ್ಲಿನ ಗೋಡೆಯ ಮೇಲೆ ತಮ್ಮ ರುಜು ಇರುವ ಸೂಚನೆಯೊಂದಿದೆ: 'ಅಚ್ಚಾದದ್ದನ್ನು ಅಚ್ಚಾದಂತೆಯೇ ಬರೆಯಿರಿ. ತಲೆ ಓಡಿಸಬೇಡಿ.' ಆ ಕರಪತ್ರಗಳಲ್ಲಿ ರಾಜನ ಪಾತ್ರದವರ ಹೆಸರು ದಪ್ಪಕ್ಷರದಲ್ಲಿ, ರಾಣಿಯದು ಅದಕ್ಕಿಂತ ತುಸು ಸಣ್ಣಕ್ಕೆ, ಮಂತ್ರಿಯದು ಇನ್ನೂ ಸಣ್ಣಕ್ಕೆ ಇರುತ್ತದೆ. ಕಟ್ಟಕಡೆಗೆ, ಕನ್ನಡಕ ಒರೆಸಿಕೊಂಡು ಓದಬೇಕಾದಷ್ಟು ಸಣ್ಣದಾಗಿ, 'ಮತ್ತಿತರರು' ಎಂದಿರುತ್ತದೆ. ಅದನ್ನು ಕಲಾವಿದರ ಹೆಸರಿನ ಜಾಗದಲ್ಲಿ ಬರೆಯಬೇಕೇ ಎಂದು ಮೊದಲ ದಿನವೇ ಕೇಳಿದೆ.

"ಅಚ್ಚಾಗಿದೆಯೋ ಇಲ್ವೋ?" ಎಂದಿರಿ.

"ಆಗಿದೆ ಸರ್."

"ಹಾಗಾದ್ರೆ ಬರೀಮ್ಮ. ನಿನಗ್ಯಾಕೆ ಇಲ್ಲದ ಉಸಾಬರಿ?"

ಬರೆದೆ. ನೆಲಮಾಳಿಗೆಯಲ್ಲಿ ಕೂತವರೆಲ್ಲರೂ ಬರೆದರು. ಕೆಲಸ ಮುಗಿದ ಮೇಲೆ, ಅತಿ ಹೆಚ್ಚು ನಾಟಕಗಳಲ್ಲಿ ಅಭಿನಯಿಸಿದವರು ಯಾರು ಎಂದು ತಾವು ಯಂತ್ರವನ್ನು ಕೇಳಿದಿರಿ. ಅದು ಚಿತ್ರ ಬಿಡಿಸಿ ತೋರಿಸಿತು. ಘಟಾನುಘಟಿ ನಟರೆಲ್ಲ ಸಾಸಿವೆ ಕಾಳಿನಷ್ಟು ಚುಕ್ಕಿಗಳು. ನಡುವೆ ಕುಂಬಳಕಾಯಿಯ ಗಾತ್ರದಲ್ಲಿ ಒಬ್ಬರೇ ಒಬ್ಬರು, ಮತ್ತಿತರರು! ತೊಂಬತ್ತು ವರ್ಷ ಒಂದೇ ಸಮನೆ ಬಣ್ಣ ಹಚ್ಚಿದವರು. ಒಂದೇ ದಿನ ಮೂರು ಊರುಗಳಲ್ಲಿ ಸೈನಿಕರಾಗಿ, ಸಖಿಯರಾಗಿ, ಊರ ಜನರಾಗಿ ಕಾಣಿಸಿಕೊಂಡವರು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದರಂತೆ. ತಾವು ಕಟ್ಟಿದ್ದಷ್ಟೇ ಅಲ್ಲ, ಕರುವಿಗೆ ಸನ್ಮಾನವನ್ನೂ ಗೊತ್ತುಮಾಡಿದಿರಿ.

"ಸರ್, ಅದು ಹೆಸರಲ್ಲ. ಮತ್ತು, ಇತರರು. ಲೋಪಸಂಧಿ ಸರ್, ಶಾಲೇಲೇ ಕಲಿಸ್ತಾರೆ" ಎಂದು ಅಂಗಲಾಚಿದೆ.

"ಅಲ್ಲಮ್ಮಾ, ಹೆಸರಿನ ಕೊನೇಲಿ 'ರು' ಇದೆಯಲ್ಲ, ನೋಡು. ಸುಮ್ಮನೆ ಯಾರಿಗಾದ್ರೂ 'ರು' ಹಚ್ತಾರಾ? ತುಂಬಾ ಗೌರವಸ್ಥರಿರಬೇಕು. ಯಾವಾಗ್ಲೂ ಕೊನೇಲಿ ಹಾಕಿಸ್ಕೊಂಡಿದಾರೆ ಅಂದ್ರೆ ಎಂಥ ವಿನಯ!"

ಆ ಉತ್ತರ ಕೇಳಿ ನಾನು ಅಲ್ಲೇ ಇದ್ದ ಕುರ್ಚಿಯಲ್ಲಿ ಕೂತೆ. ಅದು ತಮ್ಮ ಕುರ್ಚಿಯೆಂದು ಆಮೇಲೆ ಗೊತ್ತಾಯಿತು, ಕ್ಷಮೆಯಿರಲಿ.

ಶಿಲ್ಪಿಗೆ ಕೊಡಲು ಶ್ರೀ ಮತ್ತಿತರರ ಭಾವಚಿತ್ರ ಹುಡುಕುವ ಕೆಲಸವನ್ನೂ ನನ್ನ ತಲೆಗೇ ಕಟ್ಟಿದಿರಿ. ಎಲ್ಲಿಂದ ತರಲಿ? ಕೊನೆಗೆ ಶಿಲ್ಪಿಯೇ ಬೇಸತ್ತು, ದಿನವೂ ಎದುರಿಗೆ ಬಂದು ಅವಸರಪಡಿಸುತ್ತಿದ್ದ ಮುಖವನ್ನೇ ನೋಡಿ ಎರಕ ಹೊಯ್ದುಬಿಟ್ಟರು. ಹೀಗಾಗಿ ಪ್ರತಿಮೆಗೆ ತಮ್ಮದೇ ಮೀಸೆ, ತಮ್ಮದೇ ಜೋಡಿ ಗಲ್ಲ ಬಂದಿವೆ. ಸಖಿಯ ಪಾತ್ರ ಮಾಡಿದವರಿಗೆ ಇಷ್ಟು ದಪ್ಪ ಮೀಸೆಯೇ ಎಂದು ಕೇಳಿದ್ದಕ್ಕೆ "ಸೆರಗಲ್ಲಿ ಮುಚ್ಕೊಂಡಿರ್ತಾರೆ" ಎಂದಿರಿ. ಸಂಶೋಧನೆ ಎಂದರೆ ಇದು!

ಇಲ್ಲಿಯವರೆಗಿನದು ನಗುವ ಮಾತು. ನಾನೂ ಮನೆಯಲ್ಲಿ ಹೇಳಿಕೊಂಡು ಬಿದ್ದು ಬಿದ್ದು ನಕ್ಕೆ. ನಗದೇ ಇದ್ದವಳು ನನ್ನ ಅಜ್ಜಿ ಒಬ್ಬಳೇ.

ನನ್ನ ಅಜ್ಜಿ ಹರೆಯದಲ್ಲಿ ನಾಟಕ ಕಂಪನಿಯಲ್ಲಿದ್ದಳು. ಅವಳದು ಮೂರನೆಯ ಸಖಿಯ ಪಾತ್ರ. ಇಡೀ ನಾಟಕಕ್ಕೆ ಅವಳಿಗಿದ್ದದ್ದು ಒಂದೇ ಮಾತು: "ಮಹಾರಾಣಿ, ದೂತ ಬಂದಿದ್ದಾನೆ." ಒಂದು ಸಲ ದೂತ ಬರಲೇ ಇಲ್ಲ, ಹಿಂಬಾಗಿಲಲ್ಲಿ ಬೀಡಿ ಸೇದುತ್ತಾ ನಿಂತುಬಿಟ್ಟಿದ್ದ. ಅಜ್ಜಿ ಅದೇ ಮಾತನ್ನು ಮತ್ತೆ ಮತ್ತೆ ಹೇಳಿದಳು. ಮಹಾರಾಣಿ ಹಲ್ಲು ಕಚ್ಚಿಕೊಂಡು "ಎಲ್ಲಿ ಬಂದಿದ್ದಾನೆ?" ಎಂದಳು. ಅಜ್ಜಿ ಒಳಗೆ ಓಡಿ, ತಲೆಗೆ ರುಮಾಲು ಸುತ್ತಿಕೊಂಡು, ತಾನೇ ದೂತನಾಗಿ ಬಂದು, ಯುದ್ಧದಲ್ಲಿ ನಾವು ಗೆದ್ದೆವು ಎಂದುಬಿಟ್ಟಳು. ಸೋತೆವು ಎನ್ನಬೇಕಿತ್ತು. ಆ ದಿನ ನಾಟಕ ಒಂದು ಅಂಕ ಮೊದಲೇ ಮುಗಿಯಿತು. ಜನ ಶಿಳ್ಳೆ ಹಾಕಿಕೊಂಡು ಮನೆಗೆ ಹೋದರು. ಒಂದು ಯುದ್ಧವನ್ನೇ ಗೆಲ್ಲಿಸಿಕೊಟ್ಟವಳ ಹೆಸರು ಯಾವ ಕರಪತ್ರದಲ್ಲೂ ಇಲ್ಲ. ಅವಳೂ 'ಮತ್ತಿತರರು'.

ಅಜ್ಜಿಯ ಹೆಸರನ್ನು ದಾಖಲೆಗೆ ಸೇರಿಸಿ ಎಂದು ತಮ್ಮಲ್ಲಿ ಬೇಡಿಕೊಂಡಿದ್ದೆ. ಅಜ್ಜಿ ಬದುಕಿದ್ದಾಳೆ, ಕೇಳಿದರೆ ಎಲ್ಲ ಹೇಳುತ್ತಾಳೆ, ಬೇಕಾದರೆ ನಟಿಸಿಯೂ ತೋರಿಸುತ್ತಾಳೆ ಎಂದೆ. ತಾವು ತಲೆಯೆತ್ತದೆ "ಅಚ್ಚಾಗಿದೆಯಾ?" ಎಂದಿರಿ. ಅಚ್ಚಾಗಿರಲಿಲ್ಲ. ಹಾಗಾಗಿ ಅಜ್ಜಿ ಇಲ್ಲ. ಹುಟ್ಟದೇ ಇದ್ದವರಿಗೆ ಕಂಚಿನ ಪ್ರತಿಮೆ. ಹುಟ್ಟಿ, ಬಣ್ಣ ಹಚ್ಚಿ, ಗಂಟಲು ಹರಿದುಕೊಂಡವಳಿಗೆ ಕಂಪ್ಯೂಟರಿನಲ್ಲಿ ಒಂದು ಸಾಲಿನಷ್ಟೂ ಜಾಗವಿಲ್ಲ. ಇದು ಯಾವ ಊರ ನ್ಯಾಯ, ಸ್ವಾಮಿ? ಆ ದಿನ ನನಗೆ ಅಳುವೇ ಬಂತು. ಅಜ್ಜಿಗೆ ಮಾತ್ರ "ಸರ್ ವಿಚಾರ ಮಾಡ್ತಾರಂತೆ" ಎಂದು ಸುಳ್ಳು ಹೇಳಿದೆ.

ಇಷ್ಟರಲ್ಲಿ ತಾವು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟಿರಿ: 'ಶ್ರೀ ಮತ್ತಿತರರ ಕಡೆಯವರು ಯಾರಾದರೂ ಇದ್ದಲ್ಲಿ ಸಮಾರಂಭಕ್ಕೆ ಬಂದು ಗೌರವ ಸ್ವೀಕರಿಸಬೇಕು.' ಅಜ್ಜಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದಳು.

"ಲೇ, ಇವರು ಕರೀತಿರೋದು ನನ್ನನ್ನೇ ಅಲ್ವೇನೇ?"

"ಅಜ್ಜಿ, ಅದು ಹಾಗಲ್ಲ..."

"ಹಾಗಲ್ಲದೆ ಮತ್ತೆ ಹೇಗೆ? ಮತ್ತಿತರರು ಅಂದ್ರೆ ನಾವೇ ತಾನೇ? ಫೋನ್ ಕೊಡಿಲ್ಲಿ."

ಅಂದಿನಿಂದ ನಮ್ಮ ಮನೆಯ ಫೋನು ಅವಳ ಕೈಯಲ್ಲೇ ಇದೆ. ಎರಡನೆಯ ಸಖಿ ಬರುತ್ತಾಳೆ, ಮಗ ಗಾಡಿಯಲ್ಲಿ ಕರೆತರುತ್ತಾನಂತೆ. ನಾಟಕದಿಂದ ನಾಟಕಕ್ಕೆ ಬರೀ ಹೆಣವಾಗಿ ಮಲಗಿದ್ದ ಸೈನಿಕನೊಬ್ಬ ಹೊಸ ಹಲ್ಲಿನ ಸೆಟ್ಟು ಕಟ್ಟಿಸಿಕೊಂಡು ಬರುತ್ತಾನೆ. ಬೀಡಿ ಸೇದುತ್ತಿದ್ದ ದೂತನೂ ಬರುತ್ತಾನಂತೆ. "ಈ ಸಲ ಹೊತ್ತಿಗೆ ಸರಿಯಾಗಿ ಬಂದೇ ಬರ್ತೀನಿ, ಬೈಬೇಡ ಮಾರಾಯ್ತಿ" ಎಂದನಂತೆ.

ಇನ್ನು ತಮ್ಮ ಆಮಂತ್ರಣ ಪತ್ರಿಕೆ. ಅದರ ಮೊದಲ ಸಾಲು: 'ದಿವಂಗತ ಶ್ರೀ ಮತ್ತಿತರರ ಪ್ರತಿಮೆಯ ಅನಾವರಣ.' ಕೊನೆಯ ಸಾಲು: 'ಯೋಜನಾ ನಿರ್ದೇಶಕರು, ಸಲಹೆಗಾರರು ಮತ್ತಿತರರು ಉಪಸ್ಥಿತರಿರುವರು.' ಮೇಲುಗಡೆ ದಿವಂಗತರೆಂದವರು ಕೆಳಗಡೆ ಉಪಸ್ಥಿತರಿರುವುದು ಹೇಗೆ ಎಂದು ನಾನು ಕೇಳುವುದಿಲ್ಲ. ತಮ್ಮದೇ ನಿಯಮವಿದೆ: ಅಚ್ಚಾದದ್ದು ಅಚ್ಚಾದಂತೆ. ಉಪಸ್ಥಿತರಿರುತ್ತಾರೆ. ಕುರ್ಚಿಗಳನ್ನು ಸ್ವಲ್ಪ ಹೆಚ್ಚಾಗಿಯೇ ಹಾಕಿಸಿ.

ನನ್ನ ಬೇಡಿಕೆ ದೊಡ್ಡದೇನಲ್ಲ. ಪ್ರತಿಮೆಯನ್ನು ಮನೆಗೆ ಒಯ್ಯಿರಿ. ಹೋಲಿಕೆ ಚೆನ್ನಾಗಿದೆ, ಮನೆಯವರು ಸಂತೋಷಪಟ್ಟಾರು. ಖಾಲಿಯಾದ ಕಟ್ಟೆಯ ಪಕ್ಕದಲ್ಲಿ ಒಂದು ಮೇಜು, ಒಂದು ಕುರ್ಚಿ ಹಾಕಿಸಿ. 'ಮತ್ತಿತರರು ವೇದಿಕೆಗೆ ಬರಬೇಕು' ಎಂದು ಕರೆದಾಗ ಅರ್ಧ ಸಭೆ ಎದ್ದು ನಿಂತರೆ ಹೆದರಬೇಡಿ. ಅಜ್ಜಿ ಈಗಿನಿಂದಲೇ ಕನ್ನಡಿಯ ಮುಂದೆ ತಾಲೀಮು ಮಾಡುತ್ತಿದ್ದಾಳೆ. "ಆಗ ಇದ್ದಿದ್ದು ಒಂದೇ ಮಾತು. ಈಗಲೂ ಒಂದೇ ಮಾತು ಸಾಕು, ನನ್ನ ಹೆಸರು ಹೇಳ್ತೀನಿ" ಎನ್ನುತ್ತಾಳೆ. ಆ ಹೆಸರನ್ನು ನಾನು ಇಲ್ಲಿ ಬರೆದು ಅವಳ ಮಾತನ್ನು ಕಸಿದುಕೊಳ್ಳುವುದಿಲ್ಲ. ಅವಳು ಹೇಳುವಾಗ ತಾವು ಆ ಕುರ್ಚಿಯಲ್ಲಿ ಕೂತು, ತಲೆ ಓಡಿಸದೆ, ಕೇಳಿದ್ದನ್ನು ಕೇಳಿದಂತೆಯೇ ಬರೆದುಕೊಳ್ಳಿ. ಅವಳ ಹಿಂದೆ ಸಾಲು ಉದ್ದವಿದೆ. ಪೆನ್ನು ಮರೆಯಬೇಡಿ.

ಇಂತಿ,
ತಮ್ಮ ಜಾಲತಾಣದಲ್ಲಿ 'ಸಹಕಾರ: ನಿರ್ದೇಶಕರ ಕಾರಿನ ಚಾಲಕರು ಮತ್ತಿತರರು' ಎಂಬಲ್ಲಿ ಕೊನೆಯ ಪದವಾಗಿರುವ,
ಮೂರನೆಯ ಸಖಿಯ ಮೊಮ್ಮಗಳು