ವಂಶವೃಕ್ಷದಲ್ಲಿ ಇಲ್ಲದ ಸೋದರತ್ತೆ

ರೀ,

ಸೊರಬದ ಕೋರ್ಟಿಗೆ ಹೊರಟಿದ್ದೇನೆ. ಅಪ್ಪನ ಹೊಸಬಾಳೆ ಗದ್ದೆಯನ್ನು ಅಣ್ಣ ನನಗೆ ಹೇಳದೆ ಮಾರಿದ್ದಕ್ಕೆ ಇವತ್ತೇ ದಾವೆ. ನನ್ನ ಪಾಲೂ ಬೇಕು, ಖಾತೆ ಬದಲಾಗದಂತೆ ತಡೆಯಾಜ್ಞೆಯೂ ಬೇಕು.

ಉಪ್ಪಿಟ್ಟು ಮುಚ್ಚಿಟ್ಟಿದ್ದೇನೆ. ಟೀ ಕಾಯಿಸಿದ ಮೇಲೆ ಗ್ಯಾಸ್ ಆಫ್ ಮಾಡಿ, ನಿನ್ನೆ ಮರೆತಿದ್ದಿರಿ.

ಫ್ರಿಜ್ ಮೇಲಿದ್ದ ಅಣ್ಣನ ಮಗಳ ಮದುವೆ ಪತ್ರಿಕೆ ಹುಡುಕಬೇಡಿ, ವಕೀಲರಿಗೆ ಕೊಡಲು ಒಯ್ದಿದ್ದೇನೆ. ಗದ್ದೆ ಮಾರಲು ವಂಶವೃಕ್ಷದಲ್ಲಿ ತಂಗಿಯೇ ಇಲ್ಲವೆಂದು ಬರೆಸಿದ ಪುಣ್ಯಾತ್ಮ, ಪತ್ರಿಕೆಯಲ್ಲಿ ‘ಸೋದರತ್ತೆ ಗಂಗಾಶ್ರೀ’ ಎಂದು ದಪ್ಪ ಅಕ್ಷರದಲ್ಲಿ ಹಾಕಿಸಿದ್ದಾನೆ. ಫೋನಿನಲ್ಲಿ ಹೇಳಿದರೆ ವಕೀಲರು ನಕ್ಕಿದ್ದೇ ನಕ್ಕಿದ್ದು.

ಬರುವಾಗ ಶಿರಾಳಕೊಪ್ಪದಲ್ಲಿ ಮದುಮಗಳಿಗೆ ಸೀರೆ ತರುತ್ತೇನೆ. ನಿಮ್ಮ ಪಂಚೆ ಇಸ್ತ್ರಿಗೆ ಕೊಡಿ, ಭಾನುವಾರ ಬೇಗ ಹೊರಡಬೇಕು. ಆರತಿ ಎತ್ತಲು ಸೋದರತ್ತೆ ಬೇಕೇ ಬೇಕು, ಅವನಿಗಿರುವ ತಂಗಿ ನಾನೊಬ್ಬಳೇ.

ಗಂಗಾ