ಬಂದರಿನ ತನಕ ಒಬ್ಬನೇ

ಸಪ್ತಾಪುರ, ಧಾರವಾಡ
೯ ನವೆಂಬರ್ ೨೦೨೪

ಪ್ರೀತಿಯ ಜಯಮಾಲಾ,

ನಿನ್ನ ಗಂಡ ಒಬ್ಬ ಕಳ್ಳ. ಈ ಮಾತನ್ನು ಪೂರ್ಣ ಎಚ್ಚರದಲ್ಲಿ, ಯಾರ ಒತ್ತಾಯವೂ ಇಲ್ಲದೆ, ಸ್ವಂತ ಅಕ್ಷರದಲ್ಲಿ ಬರೆದುಕೊಡುತ್ತಿದ್ದೇನೆ. ಕಳೆದ ತಿಂಗಳು ಇಟಲಿ ದೇಶದ ಜಿನೋವಾ ಪಟ್ಟಣದಲ್ಲಿ, ಹೊಟೇಲಿನ ನಾಷ್ಟಾ ಮೇಜಿನ ಮೇಲಿಂದ ಜಾಮಿನ ಒಂದು ಪುಟ್ಟ ಬಾಟಲಿಯನ್ನು ಕೋಟಿನ ಕಿಸೆಗೆ ಇಳಿಸಿದೆ. ಜಾಮು ಕದ್ದವನಿಗೆ ಆ ದೇಶದಲ್ಲಿ ಜಾಮೀನು ಸಿಗುತ್ತದೆಯೋ ಇಲ್ಲವೋ ತಿಳಿಯದು. ಮೊದಲಾದರೆ ಇಂಥ ಕೆಲಸವನ್ನೆಲ್ಲ ನಿನ್ನ ಪರ್ಸು ಮಾಡುತ್ತಿತ್ತು. ನಾನು ಎದುರಿಗೆ ಕೂತು ಸಭ್ಯ ಮನುಷ್ಯನ ಮುಖ ಮಾಡಿಕೊಂಡಿರುತ್ತಿದ್ದೆ. ಈಗ ಕದಿಯುವುದೂ ನಾನೇ, ಸಭ್ಯನಾಗುವುದೂ ನಾನೇ. ಬಹಳ ದಣಿವಾಗುತ್ತದೆ.

ಮೊನ್ನೆ ನಿನ್ನ ತಮ್ಮ ಪ್ರತಾಪ ಬಂದಿದ್ದ. ಜೈಭೀಮ ಮಾಮಾ ಅಂದ, ಕುರ್ಚಿಯ ತುದಿಗೆ ಕೂತ, ಚಹಾ ಬ್ಯಾಡ್ರಿ ಅಂದ. ಪ್ರತಾಪ ಚಹಾ ಬೇಡ ಅಂದಾಗಲೇ ಸಂಗತಿ ದೊಡ್ಡದು ಅಂತ ಗೊತ್ತಾಯಿತು. ನೀನು ಪರಸ್ಪರ ಒಪ್ಪಿಗೆಯ ವಿಚ್ಛೇದನ ಕೇಳುತ್ತಿರುವುದನ್ನು ಅವನು ನನಗೆ ಹೇಳಲಿಲ್ಲ, ನೆಲದ ಫರಸಿಗೆ ಹೇಳಿದ. ನಾನು, ಹಂಗಾರ ನಾವಿಬ್ಬರೂ ಪರಸ್ಪರ ಒಪ್ಪಿದ ಮೊದಲನೇ ವಿಷಯ ಇದ ಆಗತದ ನೋಡು ಅಂದೆ. ಅವನು ನಗಲಿಲ್ಲ. ಇದಕ್ಕ ಅಕ್ಕ ಹೇಳಿ ಕಳಿಸ್ಯಾಳ್ರಿ ಮಾಮಾ, ಬಾಯಿಲೆ ಕೇಳಿದ್ರ ನೀವು ಚಾಷ್ಟಿ ಮಾಡತೀರಿ, ಹೂಂ ಅಂತೀರೋ ಊಹೂಂ ಅಂತೀರೋ ಬರದು ಕೊಡ್ರಿ ಅಂದ.

ಬರೆಯುತ್ತಿದ್ದೇನೆ. ಆದರೆ ಉತ್ತರಕ್ಕೆ ಮೊದಲು ಊರು ತೋರಿಸುತ್ತೇನೆ. ಆ ನಡಿಗೆಯನ್ನು ಆರಿಸಿದವಳು ನೀನೇ ಅಲ್ಲವೇ? ಜಿನೋವಾದ ಸೆಮಿನಾರಿಗೆ ನನ್ನ ಪ್ರಬಂಧ ಒಪ್ಪಿತವಾದ ದಿನ, ಹುಬ್ಬಳ್ಳಿಯ ರೈಲ್ವೆ ಆಫೀಸಿನಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ, ನಾನೂ ರಜಾ ಹಾಕತೇನ್ರಿ ಅಂದಿದ್ದೆ. ಗೈಡ್ ಬ್ಯಾಡ, ಛತ್ರಿ ಎತ್ತಿ ಹಿಡಕೊಂಡು ಕುರಿ ಹೊಡದಂಗ ಹೊಡೀತಾರ, ಫೋನಿನ್ಯಾಗ ದಾರಿ ಹೇಳತೈತಿ, ನಮ್ಮ ಪಾಡಿಗೆ ನಾವು ನಡಕೋತ ನೋಡೋಣು ಅಂತ ಆ ನಡಿಗೆಯ ಆ್ಯಪನ್ನು ನನ್ನ ಫೋನಿಗೆ ಇಳಿಸಿಕೊಟ್ಟವಳೂ ನೀನೇ. ಇಯರ್‌ಫೋನಿನ ಒಂದು ತುದಿ ನಿನ್ನ ಕಿವಿಗೆ, ಒಂದು ನನ್ನ ಕಿವಿಗೆ ಅಂತ ಮಾತಾಗಿತ್ತು. ನಾನು ಎರಡನ್ನೂ ಹಾಕಿಕೊಂಡು ಹೊರಟೆ.

ಜಿನೋವಾ ಬೆಟ್ಟದ ಮೇಲಿಂದ ಜಾರಿ ಸಮುದ್ರದ ಅಂಚಿಗೆ ಬಂದು ನಿಂತ ಊರು. ಹಳೆಯ ಪೇಟೆಯ ಓಣಿಗಳು ಎಷ್ಟು ಇಕ್ಕಟ್ಟೆಂದರೆ ಎದುರಿನಿಂದ ನಮ್ಮ ಕಾಲೇಜಿನ ಬಸವಕಿರಣರಂಥ ದಢೂತಿ ಆಸಾಮಿ ಬಂದರೆ ಯಾರಾದರೂ ಒಬ್ಬರು ವಾಪಸು ಹುಟ್ಟಿದೂರಿಗೆ ಹೋಗಬೇಕು. ಎರಡೂ ಕಡೆ ಆರಾರು ಅಂತಸ್ತಿನ ಮನೆಗಳು, ಮೇಲೆ ಒಣಹಾಕಿದ ಬಟ್ಟೆ, ಬಟ್ಟೆಗಳ ನಡುವೆ ಒಂದು ಪಟ್ಟಿಯಷ್ಟು ಆಕಾಶ. ಕಿವಿಯಲ್ಲಿ ಒಬ್ಬ ಹೆಣ್ಣುಮಗಳು ಇಂಗ್ಲಿಷಿನಲ್ಲಿ ದಾರಿ ಹೇಳುತ್ತಿದ್ದಳು. ಪಾಪ, ಒಳ್ಳೆಯ ದನಿ. ಆದರೆ ಆಕೆ ಒಂದು ಅರಮನೆಯ ಕಥೆ ಶುರು ಮಾಡುವುದರೊಳಗೆ ನಾನು ಅದನ್ನು ದಾಟಿ ಮುಂದಿನ ಚೌಕಕ್ಕೆ ಬಂದಿರುತ್ತಿದ್ದೆ. ಆಗ ಆಕೆ ಕಥೆ ನಿಲ್ಲಿಸಿ, ನೀವು ಮುಂದೆ ಹೋಗಿದ್ದೀರಿ, ದಯವಿಟ್ಟು ಹಿಂದಿನ ಜಾಗಕ್ಕೆ ಮರಳಿ ಅನ್ನುವಳು. ಹಿಂದೆ ಬರುವೆ. ಮತ್ತೆ ಶುರು ಮಾಡುವಳು. ಮತ್ತೆ ದಾಟಿರುವೆ. ಒಂದೇ ಮುಂಜಾನೆಯಲ್ಲಿ ಆಕೆಗೆ ನನ್ನ ಸ್ವಭಾವ ತಿಳಿದುಹೋಯಿತು. ನೀನೂ ಇಷ್ಟು ವರ್ಷ ರೀ, ಸಾವಕಾಶ ನಡೀರಿ ಅನ್ನುತ್ತಲೇ ಇದ್ದೆ. ನನ್ನ ಮೊಣಕಾಲಿನ ಕಾಳಜಿಗೆ ಹೇಳುತ್ತೀ ಅಂದುಕೊಂಡಿದ್ದೆ.

ಅಲ್ಲಿಯ ದೊಡ್ಡ ಚರ್ಚು ಕಪ್ಪು ಬಿಳಿ ಅಮೃತಶಿಲೆಯ ಅಡ್ಡ ಪಟ್ಟಿಗಳದ್ದು. ಎದುರಿಗೆ ನಿಂತು, ನೋಡಿಲ್ಲೆ ಜಯಾ, ದೇವರ ಮನಿಗೆ ಪಟ್ಟಾಪಟ್ಟಿ ಚಡ್ಡಿ ಹೊಲಿಸ್ಯಾರ ಅಂದೆ. ಜೋರಾಗಿಯೇ ಅಂದೆ, ತಿರುಗದೆ ಅಂದೆ. ನಗು ಬರಲಿಲ್ಲ ಅಂತ ಆಮೇಲೆ ತಿರುಗಿದರೆ ಹಿಂದೆ ಯಾರೋ ಜರ್ಮನಿಯ ಮುದುಕ. ಅವನು ಬಹಳ ಮರ್ಯಾದೆಯಿಂದ ತಲೆ ಆಡಿಸಿದ. ಒಳಗೆ ಯುದ್ಧಕಾಲದಲ್ಲಿ ಹಡಗಿನಿಂದ ಹಾರಿ ಬಂದು ಬಿದ್ದ ಒಂದು ತೋಪಿನ ಗುಂಡನ್ನು ಇಟ್ಟಿದ್ದಾರೆ. ಬಿದ್ದಿತ್ತಂತೆ, ಸಿಡಿಯಲಿಲ್ಲವಂತೆ. ನಿನ್ನ ಸಿಟ್ಟು ನೆನಪಾಯಿತು. ಅದೂ ನಮ್ಮ ಮನೆಯಲ್ಲಿ ಬಂದು ಬಿದ್ದಿತ್ತು. ಸಿಡಿಯಲಿಲ್ಲವಾದ್ದರಿಂದ ಬಿದ್ದದ್ದೇ ನನಗೆ ತಿಳಿಯಲಿಲ್ಲ.

ಈಗ ಒಂದು ಪ್ರಶ್ನೆ ಕೇಳುತ್ತೇನೆ, ಚಾಷ್ಟಿ ಅಲ್ಲ. ಮೇ ತಿಂಗಳ ಆ ಸಂಜೆ ನೀನು ಎಲ್ಲಿ ನಿಂತೆ?

ಕಲ್ಯಾಣನಗರದಲ್ಲಿ ಬಸವಕಿರಣರ ಗೃಹಪ್ರವೇಶದ ಊಟ ಮುಗಿಸಿ ಇಬ್ಬರೂ ನಡೆಯುತ್ತ ಹೊರಟಿದ್ದೆವು. ನಾನು ಮುಂದೆ, ನೀನು ಹಿಂದೆ, ಎಂದಿನಂತೆ. ನಾನು ಜಿನೋವಾದ ವ್ಯಾಪಾರಿಗಳ ಬಗ್ಗೆ ಹೇಳುತ್ತಿದ್ದೆ. ಸಕ್ಕರೆ, ಮೆಣಸು, ರೇಷ್ಮೆ, ಅಲ್ಲಿಂದ ಬಸವಕಿರಣರ ಮನೆಯ ಹೋಳಿಗೆಯ ಹೂರಣ ಎಷ್ಟು ತೆಳ್ಳಗಿತ್ತು ಎಂಬಲ್ಲಿಗೂ ಬಂದೆ. ನಮ್ಮ ಮನೆಯ ಬಾಗಿಲಿಗೆ ಬಂದು, ತಿರುಗದೆಯೇ ಕೈ ಹಿಂದೆ ಚಾಚಿ, ಕೀಲಿ ಕೊಡು ಅಂದೆ. ಕೀಲಿ ಬರಲಿಲ್ಲ. ಕಾಯಿಪಲ್ಲೆ ಕೊಳ್ಳಲು ನಿಂತಿರಬೇಕು ಅಂತ ಪಾವಟಿಗೆಯ ಮೇಲೆ ಕೂತೆ. ಪ್ರತಾಪನ ಫೋನು ಬರುವ ತನಕ ಹಾಗೇ ಕೂತಿದ್ದೆ. ಅಕ್ಕ ಬೆಂಗೇರಿಗೆ ನಮ್ಮ ಮನಿಗೆ ಬಂದಾಳ್ರಿ, ಇಲ್ಲೇ ಇರತಾಳಂತ್ರಿ ಅಂದ.

ಎದುರುಮನೆಯ ಮೌಲಾಬಿ ತನ್ನ ಹತ್ತಿರವಿದ್ದ ಇನ್ನೊಂದು ಕೀಲಿ ತಂದುಕೊಟ್ಟಳು. ಮೇಡಮ್ಮೋರು ಎಲ್ಲೆದಾರ್ರಿ ಸರ ಅಂತ ಕೇಳಿದಳು. ಹಿಂದೇ ಬರ್ತಿದ್ದಳಲ್ಲ ಅಂದೆ. ಇಲ್ರಿ ಸರ, ನಾ ದೂರಿಂದ ನೋಡಾಕತ್ತಿದ್ದೆ, ನೀವು ಒಬ್ಬರ ಮಾತಾಡಿಕೋತ, ನಕ್ಕೋತ ಬಂದ್ರಿ, ಫೋನಿನ್ಯಾಗ ಯಾರೋ ಅದಾರ ಅನ್ಕೊಂಡೆ ಅಂದಳು.

ಅಂದಿನಿಂದ ಆ ದಾರಿಯಲ್ಲಿ ಬಹಳ ಸಲ ನಡೆದಿದ್ದೇನೆ. ವ್ಯಾಪಾರಿಗಳ ಕಥೆಗೆ ನಿಂತೆಯೋ, ಹೋಳಿಗೆಗೆ ನಿಂತೆಯೋ? ಎಲ್ಲಿಯ ತನಕ ಹೆಂಡತಿಗೆ ಹೇಳಿದೆ, ಎಲ್ಲಿಂದ ಗಾಳಿಗೆ ಹೇಳಿದೆ ಅನ್ನುವುದಷ್ಟು ತಿಳಿದರೆ ಸಾಕು.

ನಾನು ಸಮರ್ಥನೆ ಇಟ್ಟುಕೊಂಡೇ ಬಂದವನು, ನಿನಗೆ ಗೊತ್ತು. ಮುಂದೆ ನಡೆಯುವುದು ನಮ್ಮ ಮನೆತನದ ನಡಿಗೆ, ನಮ್ಮ ಅಪ್ಪ ಉಡಚಪ್ಪ ಮಾಸ್ತರರಿಂದ ಬಂದದ್ದು ಅಂತ ಹೆಮ್ಮೆಯಿಂದ ಹೇಳುತ್ತಿದ್ದೆ. ನವಲಗುಂದದ ಕಡೆಯ ಆ ಊರಲ್ಲಿ ಗೌಡರ ಓಣಿಯೊಳಗೆ ನಮ್ಮವರು ಚಪ್ಪಲಿ ಕೈಯಲ್ಲಿ ಹಿಡಿದು ದಾಟಬೇಕಿದ್ದ ಕಾಲಕ್ಕೆ, ಅಪ್ಪ ಚಪ್ಪಲಿ ಮೆಟ್ಟಿ, ತಲೆ ಎತ್ತಿ, ಅವ್ವನಿಗಿಂತ ಮುಂದೆ ಬಿರಬಿರನೆ ನಡೆಯುತ್ತಿದ್ದರು. ಬೈಗುಳ ಬಂದರೆ ಮೊದಲು ತಮಗೆ ಬೀಳಲಿ, ಹಿಂದೆ ನನ್ನನ್ನು ಎತ್ತಿಕೊಂಡು ಬರುವ ನಮ್ಮವ್ವ ಮುದಕವ್ವನಿಗೆ ಓಣಿ ಬರಿದಾಗಿ ಸಿಗಲಿ ಅಂತ. ಮದುವೆಯಾದ ಹೊಸತಿಗೆ ನೀನು ಕೇಳಿದ್ದೆ: ಸಪ್ತಾಪುರದಾಗ ನಿಮ್ಮನ್ನ ಯಾರು ಬೈಯತಾರ್ರೀ, ಇಷ್ಟು ಮುಂದ ಓಡತೀರಿ? ನಾನು ಭಾಳ ಛಲೋ ಜೋಕು ಅಂತ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಹೇಳಿ ನಕ್ಕೆ.

ನೀನು ಹೋದ ಮೇಲೆ ಅವ್ವನಿಗೆ ಫೋನು ಮಾಡಿದ್ದೆ. ಅವ್ವ ಅತ್ತಳು, ಆಮೇಲೆ ಬೈದಳು. ನಿಮ್ಮಪ್ಪ ಮುಂದ ನಡೀತಿದ್ದರು ಖರೇ, ಓಣಿ ದಾಟಿದ ಕೂಡಲೆ ಬೇವಿನ ಗಿಡದ ಕೆಳಗ ನಿಂತು ನಾ ಬರೂ ಮಟಾ ಕಾಯತಿದ್ದರು, ಅಲ್ಲಿಂದ ಜೋಡೀಲೆ ಹೋಗತಿದ್ದಿವಿ, ಅದನ್ಯಾರು ಕಲೀಬೇಕೋ ಅಂದಳು. ಇತಿಹಾಸ ಕಲಿಸುವವನು ಸ್ವಂತ ಮನೆಯ ಇತಿಹಾಸದಲ್ಲಿ ಅರ್ಧ ಪಾಠ ಓದಿ ಪಾಸಾಗಿದ್ದೆ.

ಇರಲಿ. ನಡಿಗೆ ಬಂದರಿನಲ್ಲಿ ಮುಗಿಯುತ್ತದೆ. ಹಡಗು ನಿಲ್ಲುವ ಹಳೆಯ ಧಕ್ಕೆ, ಸಾಲಾಗಿ ಬಿಳಿ ದೋಣಿಗಳು, ದೂರದಲ್ಲಿ ಎತ್ತರದ ದೀಪಸ್ತಂಭ. ಅಲ್ಲಿ ಕಡಲೆಹಿಟ್ಟನ್ನು ತೆಳ್ಳಗೆ ಹೊಯ್ದು ಒಲೆಯಲ್ಲಿ ಸುಟ್ಟು, ಹರಿದು ಕಾಗದದಲ್ಲಿ ಕಟ್ಟಿಕೊಡುತ್ತಾರೆ. ನಮ್ಮ ಜುಣಕದ ವಡಿಗೆ ದೂರದ ಬೀಗರಿರಬೇಕು, ಒಗ್ಗರಣೆ ಹಾಕುವುದನ್ನು ಯಾರೂ ಹೇಳಿಕೊಟ್ಟಿಲ್ಲ. ನೀರು ನೋಡುತ್ತ ಅರ್ಧ ಮುರಿದು ಅಭ್ಯಾಸಬಲದಿಂದ ಕೈ ಹಿಂದಕ್ಕೆ ಚಾಚಿದೆ. ಒಂದು ಕಡಲಹಕ್ಕಿ ಬಂದು ಕಸಿದುಕೊಂಡು ಹೋಯಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ಕೈಯಿಂದ ಯಾರೋ ಇಸಕೊಂಡರು ಅಂತ ಒಂದು ಕ್ಷಣ ಬಹಳ ಸಂತೋಷವಾಯಿತು.

ಅದು ಬಂದರು. ಎಲ್ಲ ದೇಶದವರೂ ಬಂದರು. ನೀನೊಬ್ಬಳು ಬರಲಿಲ್ಲ.

ಇನ್ನು ಉತ್ತರ. ಪ್ರತಾಪ ಹೋಗುವಾಗ ಬಾಗಿಲಲ್ಲಿ ನಿಂತು, ಅಕ್ಕಗ ಒಂದ ಚಿಂತಿ ಐತ್ರಿ ಮಾಮಾ, ಈ ಮನಶ್ಯಾ ಒಬ್ಬರ ಹೆಂಗ ಇರತಾರ ಅಂತ ಅಂದ. ಆ ಚಿಂತೆ ಬಿಡು. ಭಾಷೆ ಬಾರದ ದೇಶದಲ್ಲಿ, ಇಲಿಬಿಲದಂಥ ಓಣಿಗಳಲ್ಲಿ, ನಿನ್ನ ಗಂಡ ಹೊಟೇಲಿನಿಂದ ಬಂದರಿನ ತನಕ ನಡೆದು, ಅದೇ ದಾರಿಯಲ್ಲಿ ಮರಳಿ ಹೊಟೇಲು ಸೇರಿದ್ದಾನೆ. ಒಬ್ಬ ನರಮನುಷ್ಯನನ್ನು ದಾರಿ ಕೇಳಲಿಲ್ಲ, ಒಬ್ಬರ ಕೈ ಹಿಡಿಯಲಿಲ್ಲ. ಧಾರವಾಡದವನು ದಾರಿ ತಪ್ಪುವವನಲ್ಲ. ಅಲ್ಲಿ ಒಬ್ಬನೇ ನಡೆದವನಿಗೆ ಸಪ್ತಾಪುರದಲ್ಲಿ ಒಬ್ಬನೇ ಇರುವುದೇನು ಕಷ್ಟ? ಹೀಗಾಗಿ ನನ್ನ ಉತ್ತರ ಹೂಂ. ವಕೀಲರು ಹೇಳಿದ ದಿನ ಕೋರ್ಟಿಗೆ ಬರುತ್ತೇನೆ, ಹೇಳಿದಲ್ಲಿ ಸಹಿ ಮಾಡುತ್ತೇನೆ. ಅಲ್ಲಿ ಯಾವ ಜೋಕೂ ಹೇಳುವುದಿಲ್ಲ.

ಆಫೀಸಿಗೆ ಹೋಗುವಾಗ ಬಸ್ಸಿನಲ್ಲಿ ಕಿಟಕಿಯ ಸೀಟು ಹಿಡಿ. ನಿನಗೆ ಗಾಳಿ ಬೇಕು.

ಇನ್ನೂ ಸಹಿ ಮಾಡದ ನಿನ್ನ,
ರಾಜರತ್ನ

ತಾ.ಕ.: ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಬಿಡಿಸಿದೆ. ಹೂಂ ಅಂದದ್ದು ಖರೇ ಜಯಾ, ಅದಕ್ಕೆ ಕೊಟ್ಟ ಕಾರಣ ಸುಳ್ಳು. ಬಂದರಿನಿಂದ ಮರಳುವಾಗ ಫೋನು ಸತ್ತಿತು. ಓಣಿಗಳಲ್ಲಿ ಸುತ್ತಿ ಸುತ್ತಿ ಅದೇ ಮೀನಿನಂಗಡಿಗೆ ಬಂದು, ಕೊನೆಗೆ ಯಾರದೋ ಮನೆಯ ಪಾವಟಿಗೆಯ ಮೇಲೆ ಕೂತು ಗೋಳೋ ಅಂತ ಅತ್ತೆ. ಕಾಯಿಪಲ್ಲೆಯ ಚೀಲ ಹಿಡಿದ ಒಬ್ಬ ಅಜ್ಜಿ ನಿಂತಳು. ಹೊಟೇಲಿನ ಚೀಟಿ ತೋರಿಸಿದೆ. ರಟ್ಟೆ ಹಿಡಿದು ಎಬ್ಬಿಸಿ ಮುಂದೆ ನಡೆದಳು, ನಾನು ಚಿಕ್ಕ ಹುಡುಗನಂತೆ ಮೂಗು ಒರೆಸಿಕೊಳ್ಳುತ್ತ ಹಿಂದೆ. ಹೊಟೇಲು ಅಲ್ಲೇ ಇತ್ತು, ನಾಲ್ಕಾರು ತಿರುವು, ಅಷ್ಟೇ. ನನ್ನ ಹೆಸರು ಗೊತ್ತಿಲ್ಲ ಆಕೆಗೆ, ನನ್ನ ಮಾತು ಬಾರದು. ಆದರೂ ಪ್ರತಿ ತಿರುವಿಗೆ ನಿಂತು, ನಾನು ಬರುತ್ತಿದ್ದೇನೋ ಇಲ್ಲವೋ ಅಂತ ತಿರುಗಿ ನೋಡಿದಳು. ಅದಕ್ಕೆ ಹೊತ್ತೇ ಹಿಡಿಯುವುದಿಲ್ಲ, ಜಯಾ. ಕತ್ತು ಒಂದಿಷ್ಟು ಹೊರಳಿಸಿದರೆ ಆಯಿತು.